ಎದುರು ಗಾಡಿ

ವಾಲ್ಪರೈಸೊ ಊರಿನ ಗುಡ್ಡದ ಮೈಗೆ
ಹಳಿ ಹಾಸಿ ಉಕ್ಕಿನ ಹಗ್ಗ ಕಟ್ಟಿದ್ದಾರೆ, ಮರದ ಗಾಡಿ ಎರಡು.
ಒಂದು ಏರಿದರೆ ಒಂದು ಇಳಿಯುತ್ತದೆ,
ಇಳಿಯುವುದರ ಭಾರವೇ ಏರುವುದರ ಬಲ.
ಮೇಲಿನ ಗೂಡಿನಲ್ಲಿ ಕೂತು ಹಿಡಿ ತಿರುಗಿಸುವವಳು ನಾನು,
ಒರ್ತೆನ್ಸಿಯಾ ಕಿಲೊದ್ರಾನ್, ಇಪ್ಪತ್ತಾರು ವರ್ಷದಿಂದ.

ಇವತ್ತು ಹನ್ನೊಂದನೆಯ ದಿನ.

ಬಿಟ್ಟದ್ದಕ್ಕೆ ಘನವಾದ ಕಾರಣವೇನೂ ಇಲ್ಲ.
ಮಾರ್ಚ್ ತಿಂಗಳಲ್ಲೊಮ್ಮೆ ರಾಟೆ ಕೆಟ್ಟು ಗಾಡಿ ನಿಂತಿತು,
ನೂರಾ ಅರವತ್ತೆರಡು ಮೆಟ್ಟಿಲು, ನಡೆದೇ ಹತ್ತಬೇಕು.
ತೊಂಬತ್ತನೆಯದರಲ್ಲಿ ಕುಸಿದು ಕೂತೆ.
ಪಕ್ಕದಲ್ಲೊಂದು ಬೀದಿನಾಯಿ ನಾಲಿಗೆ ಚೆಲ್ಲಿ ಏದುತ್ತಿತ್ತು,
ನನಗಿಂತ ಮರ್ಯಾದೆಯಿಂದ.
ನನ್ನನ್ನು ನೋಡಿ ಮುಖ ತಿರುಗಿಸಿತು.
ಅಷ್ಟೇ.

ಮೊದಲ ಮೂರು ದಿನ ಸಿಟ್ಟು. ಸಿಟ್ಟು ಒಳ್ಳೆಯದು,
ಅದಕ್ಕೆ ಕೈಕಾಲಿವೆ, ಅದು ಪಾತ್ರೆ ತೊಳೆಯುತ್ತದೆ,
ಬೆಳಗಿನ ಐದಕ್ಕೆ ತಗಡಿನ ಗೋಡೆಗೆ ಬಣ್ಣ ಬಳಿಯುತ್ತದೆ,
ರಿಪೇರಿಯ ಬಲ್ದೊಮೇರೊನ ಜೊತೆ
ಒಂದು ಸ್ಪ್ಯಾನರಿಗಾಗಿ ಜಗಳ ಕಾಯುತ್ತದೆ.
ಆಮೇಲೆ ಬಂದದ್ದಕ್ಕೆ ನನ್ನಲ್ಲಿ ತಯಾರಿ ಇರಲಿಲ್ಲ.

ಈ ಸುಸ್ತು.
ನಿದ್ದೆ ಮಾಡಿ ಎದ್ದ ಮೇಲೆ ಶುರುವಾಗುವ ಸುಸ್ತು.
ಎಲುಬಿನೊಳಗೆ ಯಾರೋ ಒದ್ದೆ ಮರಳು ಸುರಿದ ಹಾಗೆ.
ಚಮಚ ಎತ್ತಲು ಒಂದು ಯೋಚನೆ ಬೇಕು,
ಆ ಯೋಚನೆ ಎತ್ತಲು ಇನ್ನೊಂದು.
ಸಮುದ್ರದಿಂದ ಮಂಜೆದ್ದು ಕ್ರೇನುಗಳ ಕುತ್ತಿಗೆ ನುಂಗುವಂತೆ
ಮಧ್ಯಾಹ್ನದ ಹೊತ್ತಿಗೆ ತಲೆಯೊಳಗೆ ಹೆಸರುಗಳು ಮಾಯ.
ನಿನ್ನೆ ನೂರು ಪೆಸೊ ಕೊಟ್ಟವನಿಗೆ ಐನೂರು ಚಿಲ್ಲರೆ ಕೊಟ್ಟೆ,
ಅವನು ವಾಪಸು ತಂದುಕೊಟ್ಟ.
ಅವನ ಒಳ್ಳೆಯತನಕ್ಕೆ ಅತ್ತೆ, ಮೂಗು ಸುರಿಸಿಕೊಂಡು,
ಇಪ್ಪತ್ತು ಜನರ ಸಾಲಿನ ಮುಂದೆ.

ಗಡಿಯಾರ ನಾನೆಂದೂ ನೋಡಿದವಳಲ್ಲ.
ಮೂರು ಸಲ ಗಾಡಿ ಏರಿಳಿದರೆ ಒಂದು ಸಿಗರೇಟು,
ಒಂದು ಪೊಟ್ಟಣ ಮುಗಿದರೆ ಸಂಜೆ.
ಅಮ್ಮ ಸತ್ತದ್ದು ಬೆಳಗಿನ ಎರಡನೆಯ ಸಿಗರೇಟಿಗೆ,
ರಾಮಿರೊ ಹಡಗು ಹತ್ತಿದ್ದು ಕೊನೆಯದಕ್ಕಿಂತ ಮೊದಲು.
ಈಗ ಹೊತ್ತಿಗೆ ಹಿಡಿಯಿಲ್ಲ, ಗಂಟಿಲ್ಲ,
ಹಿಂಡದೆ ಹರವಿದ ಕಂಬಳಿಯಂತೆ ತೊಟ್ಟಿಕ್ಕುತ್ತಾ ಬಿದ್ದಿದೆ.

ಆಸ್ಪತ್ರೆಯ ಎಳೆಯ ನರ್ಸು ಹೇಳಿದಳು:
'ಸೆನ್ಯೋರಾ, ನೀರು ಕುಡಿಯಿರಿ, ಸ್ವಲ್ಪ ನಡೆಯಿರಿ, ನಿದ್ದೆ ಬಂದರೆ ಮಲಗಿ.
ಮೈ ಹಳೆ ಲೆಕ್ಕ ತೀರಿಸುತ್ತಿದೆ, ಅಡ್ಡ ಬರಬೇಡಿ.'
ಎಷ್ಟು ದಿನ ಅಂದೆ.
'ಕೆಲವರಿಗೆ ಮೂರು ವಾರ, ಕೆಲವರಿಗೆ ಹೆಚ್ಚು.'
ಅವಳ ಬೆರಳ ತುದಿ ಹಳದಿ.
ನಾನು ನೋಡಿದ್ದನ್ನು ಅವಳು ನೋಡಿದಳು.
ಇಬ್ಬರೂ ಸುಮ್ಮನಾದೆವು.

ಲೆಕ್ಕದ ಮಾತು ನನಗೆ ಒಗ್ಗಲಿಲ್ಲ. ನಾನು ಬಲ್ಲದ್ದು ಗಾಡಿ.
ನಲವತ್ತು ವರ್ಷ ಆ ಹೊಗೆಯೇ ನನ್ನ ಎದುರು ಗಾಡಿ,
ಅದು ಇಳಿಯಿತು, ಅದರ ಭಾರಕ್ಕೆ ನಾನು ಏರಿದೆ,
ಹಾಸಿಗೆಯಿಂದ ಏರಿದೆ, ದುಃಖದಿಂದ ಏರಿದೆ,
ನನ್ನದೇ ಬಲವೆಂದುಕೊಂಡೆ.
ಈಗ ಕೊಂಡಿ ಕಳಚಿದೆ.
ಹಗ್ಗದ ಈ ತುದಿಯಲ್ಲಿ ನಾನೊಬ್ಬಳೇ.
ನನ್ನ ತೂಕ ನನಗೇ ಗೊತ್ತಿರಲಿಲ್ಲ.

ಮೂಗು ಮಾತ್ರ ಮರಳಿ ಬರುತ್ತಿದೆ, ಕರೆಯದ ನೆಂಟನಂತೆ.
ಹಗ್ಗಕ್ಕೆ ಸವರುವ ಗ್ರೀಸು ಇಷ್ಟು ನಾರುತ್ತದೆಂದು
ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ!
ಬೆಕ್ಕಿನ ಉಚ್ಚೆ, ಕೊಳೆತ ಸೀಗಡಿ, ಬಲ್ದೊಮೇರೊನ ಅಂಗಿ.
ನಡುವೆ, ಒಮ್ಮೆ, ಯಾರದೋ ಚೀಲದಲ್ಲಿ ಬಿಸಿ ಬ್ರೆಡ್ಡು;
ಅವರು ಇಳಿದುಹೋದ ಮೇಲೂ ಅದು ಗೂಡಿನಲ್ಲೇ ಕೂತಿತ್ತು.

ಗಂಟೆ ಮೂರಿರಬೇಕು. ಮೇಜಿಗೆ ಕೆನ್ನೆಯಿಟ್ಟು ತೂಕಡಿಸುತ್ತಿದ್ದೆ.
ಕನಸಿನಲ್ಲಿ ಒಂದು ಹಚ್ಚಿದೆ, ಎಳೆದೆ ಕೂಡ.
ಎಚ್ಚರಾದಾಗ ನಾಚಿಕೆ, ಆಮೇಲೆ,
ಸತ್ಯ ಹೇಳುವುದಾದರೆ, ನಿರಾಸೆ.

ಕೆಳಗಿನಿಂದ ಗಂಟೆಯ ಸದ್ದು.
ಯಾರೋ ಮೂಟೆ ಹೊತ್ತು ಕಾದಿದ್ದಾರೆ.
ಬಂದೆ ಮಾರಾಯ, ತಡಿ.
ಮೊದಲು ಬಲಗೈ. ಆಮೇಲೆ ಅದರ ಬೆರಳು.
ಮತ್ತೆ ಗಂಟೆ.